ಬಲ್ಬ್ ಬದಲಿಸಿದರೂ ಪಿಕಪ್‌ನ ರಿವರ್ಸ್ ಲೈಟ್ ಮಂಕಾಗಿದೆ, ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಬಲ್ಬ್ ಬದಲಿಸಿದ ಮೇಲೂ ಬೆಳಕು ಮಂಕೇ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ದೋಷ ಬಲ್ಬಿನಲ್ಲಿಲ್ಲ, ಅದಕ್ಕೆ ಕರೆಂಟ್ ಸರಿಯಾಗಿ ತಲುಪುತ್ತಿಲ್ಲ. ಅಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟ್, 21 ವ್ಯಾಟ್‌ನ ಬಲ್ಬ್. ಅದಕ್ಕಿಂತ ದೊಡ್ಡದನ್ನು ಹಾಕಿದರೆ ಹೋಲ್ಡರ್ ಕಾದು ಕರಗಬಹುದು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಒಂದು ರಾತ್ರಿ ಅಡಿಕೆ ಚೀಲ ತುಂಬಿಸಲು ಪಿಕಪ್ ಹಿಂದಕ್ಕೆ ತೆಗೆಯುವಾಗ ಬಲಗಡೆಯ ಚಕ್ರ ಅಗಳಿಗಿಳಿಯಿತು. ಅದಕ್ಕೆ ಸ್ವಲ್ಪ ಮೊದಲು ತಮ್ಮನ ಮಗ ಅದೇ ಜಾಗದಲ್ಲಿ ನಿಂತಿದ್ದ. ಮರುದಿನವೇ ಲೈಟ್ ಬಿಚ್ಚಿದೆ. ಒಳಗೆಲ್ಲ ಮುರಕಲ್ಲಿನ ಕೆಂಪು ಧೂಳು, ಹೋಲ್ಡರಿನ ತಳದಲ್ಲಿ ಹಸಿರು ಕಿಲುಬು. ಅರ್ತ್ ವೈರನ್ನು ಚಾಸಿಗೆ ಬಿಗಿದಿದ್ದ ಸ್ಕ್ರೂ ಮುಟ್ಟಿದರೆ ತುಕ್ಕು ಪುಡಿಪುಡಿಯಾಗಿ ಉದುರಿತು. ನಮ್ಮ ಮಳೆಗೂ ಕಡಲ ಗಾಳಿಗೂ ಅರ್ತ್ ಮೊದಲ ಬಲಿ.

ಮಲ್ಟಿಮೀಟರ್ ಇದ್ದರೆ ಹೀಗೆ ನೋಡಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಿ. ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿಯ ವೋಲ್ಟೇಜನ್ನೂ ಹೋಲ್ಡರಿನ ವೋಲ್ಟೇಜನ್ನೂ ಅಳೆಯಿರಿ. ನನ್ನದರಲ್ಲಿ ಬ್ಯಾಟರಿ 12.4, ಹೋಲ್ಡರ್ 10.3. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕಿನ ಸುಮಾರು ಮೂರನೇ ಒಂದು ಪಾಲೇ ಹೋಗುತ್ತದೆ. ಮತ್ತೆ ಮೀಟರಿನ ಒಂದು ತುದಿಯನ್ನು ಉದ್ದದ ವೈರಿನಿಂದ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಹೋಲ್ಡರಿನ ಅರ್ತ್‌ಗೆ ಹಿಡಿಯಿರಿ. ಸೊನ್ನೆಗೆ ಹತ್ತಿರವಿರಬೇಕು. ನನಗೆ ಒಂದೂವರೆ ವೋಲ್ಟ್ ಸಿಕ್ಕಿತು, ಅಂದರೆ ಮುಖ್ಯ ದೋಷ ಅರ್ತ್‌ನಲ್ಲೇ.

ಚಾಸಿಯ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ವೈರಿನ ತುದಿಗೆ ಹೊಸ ಲಗ್ (ಸ್ಕ್ರೂ ಕೂರುವ ಲೋಹದ ಬಳೆ) ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಹೋಲ್ಡರನ್ನು ಮರಳು ಕಾಗದದಿಂದ ಉಜ್ಜಿದೆ. ಹಳೆಯ ಬಲ್ಬೇ ಬೆಳ್ಳಗೆ ಉರಿಯಿತು. ಒಳಗಿನ ಬೆಳ್ಳಿ ಬಣ್ಣ ಎದ್ದುಹೋಗಿದ್ದರೆ ಮಾತ್ರ ಇಡೀ ಲ್ಯಾಂಪ್ ಬದಲಿಸಬೇಕು.

ಆದರೂ ತೋಟದ ಕತ್ತಲೆಗೆ ಅಷ್ಟು ಬೆಳಕು ಸಾಲದು. ಬಂಪರಿನ ಕೆಳಗೆ 18 ವ್ಯಾಟ್‌ನ ಒಂದು ಎಲ್‌ಇಡಿ ಲ್ಯಾಂಪ್ ಕೂರಿಸಿದ್ದೇನೆ. ಅದನ್ನು ಹಳೆಯ ವೈರಿಗೆ ನೇರ ಸೇರಿಸದೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿ. ಅದರ ಪಿನ್ನುಗಳ ಮೇಲೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ವೈರ್, 87ಕ್ಕೆ ಲ್ಯಾಂಪ್, 86ಕ್ಕೆ ರಿವರ್ಸ್ ಲೈಟಿನ ವೈರ್, 85ಕ್ಕೆ ಅರ್ತ್. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ.

ಬೇರೆ ಸ್ವಿಚ್ ಇಡಿಸಬೇಡಿ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಹಿಂದೆ ಬಿಳಿ ಲೈಟ್ ಉರಿಸಿಕೊಂಡೇ ಮುಂದೆ ಹೋಗುವ ಗಾಡಿಗಳನ್ನು ಕಂಡಿದ್ದೇನೆ; ಹಿಂದಿನಿಂದ ಬರುವ ಬೈಕಿನವರಿಗೆ ಏನೂ ಕಾಣುವುದಿಲ್ಲ, ಕಾನೂನಿಗೂ ಅದು ವಿರುದ್ಧ. ಗೇರ್ ಬಿದ್ದಾಗ ಮಾತ್ರ ಉರಿಯಲಿ, ಮುಖ ನೆಲದ ಕಡೆಗಿರಲಿ. ರಾತ್ರಿ ಒಬ್ಬರನ್ನು ಹತ್ತು ಅಡಿ ಹಿಂದೆ ನಿಲ್ಲಿಸಿ, ಬೆಳಕು ಅವರ ಮೊಣಕಾಲಿನಿಂದ ಮೇಲೇರದಂತೆ ತಗ್ಗಿಸಿ ಬೋಲ್ಟ್ ಬಿಗಿಯಿರಿ.