ಆ 5 ಪರ್ಸೆಂಟ್ ಎಲ್ಲಿದೆ?

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಖರೀದಿ ನೋಡಿಕೊಳ್ಳುವ ಓದುಗರೊಬ್ಬರು ಬರೆದಿದ್ದಾರೆ: ‘ಏಪ್ರಿಲ್‌ನಿಂದ ಹೊಸ ಲೆಕ್ಕವರ್ಷ. ಎಲ್ಲ ಖರೀದಿಯಲ್ಲೂ 5 ಪರ್ಸೆಂಟ್ ಇಳಿಸಿ ಅಂತ ಮಾಲೀಕರು ಹೇಳಿದ್ದಾರೆ. ಹಳೇ ಸಪ್ಲೈಯರ್‌ಗಳು ರೇಟು ಬಿಡುತ್ತಿಲ್ಲ. ಹೊಸಬರು ಕಡಿಮೆಗೆ ಕೊಡುತ್ತೇವೆ ಅಂತಿದ್ದಾರೆ. ಬದಲಾಯಿಸಿಬಿಡಲೇ? ಬರುವ ವರ್ಷಕ್ಕೆ ಏನು ತಯಾರಿ ಮಾಡಿಕೊಳ್ಳಲಿ?’

ಪ್ರಿಯ ಓದುಗರೇ,

ಬದಲಾಯಿಸುವ ಮೊದಲು ಹಳೇ ಬಿಲ್ಲುಗಳ ಫೈಲ್ ತೆಗೆಯಿರಿ. ಪ್ರತಿ ಬಿಲ್ಲಿನ ಪಕ್ಕ ಎರಡು ತಾರೀಖು ಬರೆಯಿರಿ. ಮಾಲು ಬಂದದ್ದು ಯಾವಾಗ, ದುಡ್ಡು ಹೋದದ್ದು ಯಾವಾಗ. ನೀವು ಹುಡುಕುತ್ತಿರುವ 5 ಪರ್ಸೆಂಟ್‌ನಲ್ಲಿ ದೊಡ್ಡ ಪಾಲು ಈ ಎರಡು ತಾರೀಖುಗಳ ನಡುವೆಯೇ ಇದೆ ಅನ್ನುವುದು ನನ್ನ ನಂಬಿಕೆ.

ಸಿಪ್ಪೆ ತೆಗೆಯುವ ನಿಮ್ಮ ಹಲ್ಲರ್‌ಗೆ ಶಾಫ್ಟ್, ಬೀಜ ಮೇಲಕ್ಕೆತ್ತುವ ಎಲಿವೇಟರ್‌ಗೆ ಬಕೆಟ್ ಮಾಡಿಕೊಡುವ ಲೇತ್ ವರ್ಕ್‌ಶಾಪಿನವರನ್ನೇ ತೆಗೆದುಕೊಳ್ಳಿ. ಅವರು ಕಬ್ಬಿಣಕ್ಕೆ ಕೈಯಿಂದಲೇ ದುಡ್ಡು ಕೊಡಬೇಕು. ಶನಿವಾರ ಬಂತೆಂದರೆ ಹುಡುಗರಿಗೆ ಬಟವಾಡೆ ಮಾಡಬೇಕು. ನಿಮ್ಮ ಚೆಕ್ ಬರುವುದು 90 ದಿನಕ್ಕೆ ಅಂತಿಟ್ಟುಕೊಳ್ಳಿ. ಅಲ್ಲಿಯವರೆಗೆ ಸಾಲದಲ್ಲೇ ನಡೆಸಬೇಕು. ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಹಿಡಿದರೆ 1 ಲಕ್ಷದ ಬಿಲ್ಲಿಗೆ ಸುಮಾರು 4,400 ರೂಪಾಯಿ ಆಗುತ್ತದೆ. ಅದನ್ನು ಅವರು ಕೊಟೇಶನ್‌ನಲ್ಲೇ ಸೇರಿಸುತ್ತಾರೆ, ಅಲ್ವಾ? ಇನ್ನೇನು ಮಾಡಿಯಾರು? ‘15 ದಿನದಲ್ಲಿ ದುಡ್ಡು ಕೊಡುತ್ತೇನೆ, ರೇಟು ಎಷ್ಟು?’ ಅಂತ ಅವರನ್ನೇ ಕೇಳಿ ನೋಡಿ. ಒಮ್ಮೆ ಕೊಟ್ಟ ಮಾತು ತಪ್ಪಬೇಡಿ, ಅಷ್ಟೇ. ಜನವರಿಯ ಸೀಸನ್‌ನಲ್ಲಿ ರಾತ್ರಿ ಶಾಫ್ಟ್ ಮುರಿದು ನೀವು ಫೋನ್ ಮಾಡಿದಾಗ ಎದ್ದು ಬರುವವರು ಅವರೇ. ರೇಟು ಕಡಿಮೆ ಅಂತ ದೂರದೂರಿನಿಂದ ತರಿಸಿದವರು ಬರುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಕಿರು, ಸಣ್ಣ ಉದ್ದಿಮೆಗಳಿಗೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023-24ರ ಲೆಕ್ಕವರ್ಷದಿಂದ ಇನ್ನೊಂದು ಬಿಗಿ ಬಂದಿದೆ. ಗಡುವು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿದ ಬಿಲ್ಲನ್ನು ಆ ವರ್ಷದ ಖರ್ಚಾಗಿ ತೋರಿಸುವ ಹಾಗಿಲ್ಲ. ಆ ಇಡೀ ಮೊತ್ತಕ್ಕೆ ಆ ವರ್ಷ ಆದಾಯ ತೆರಿಗೆ ಬೀಳುತ್ತದೆ. ಬರೀ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಇಲ್ಲ, ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಇದೆ. ಹಾಗಾಗಿ ಪ್ರತಿಯೊಬ್ಬ ಸಪ್ಲೈಯರ್‌ನ ಉದ್ಯಮ್ ಸರ್ಟಿಫಿಕೇಟ್ (ಎಂಎಸ್‌ಎಂಇ ನೋಂದಣಿ ಪತ್ರ) ಈಗಲೇ ತರಿಸಿ ಫೈಲ್ ಮಾಡಿ. ಮಾಲೀಕರ ಮುಂದೆ ಕೂರುವಾಗ ಈ ತೆರಿಗೆಯ ಮಾತನ್ನೇ ಮೊದಲು ಎತ್ತಿ.

ಹೊಸಬರ ಕಡಿಮೆ ರೇಟಿನ ಬಗ್ಗೆ ನನಗೆ ಜಾಸ್ತಿ ಭಯ ಇರುವುದು ಗೋಣಿಚೀಲದ ವಿಷಯದಲ್ಲಿ. ಮಾಮೂಲಿ ಚೀಲದ ಸೆಣಬು ಮೆತ್ತಗಾಗಲಿ ಅಂತ ಮಿಲ್ಲಿನಲ್ಲಿ ಖನಿಜ ಎಣ್ಣೆ ಬಳಸುತ್ತಾರೆ. ಕಾಫಿಗೆ ಬೇಕಾದ ಫುಡ್ ಗ್ರೇಡ್ ಚೀಲಕ್ಕೆ ತೌಡಿನ ಎಣ್ಣೆಯಂಥ ಸಸ್ಯದ ಎಣ್ಣೆ ಬಳಸಬೇಕು. ಕಣ್ಣಿಗೆ ಎರಡೂ ಒಂದೇ. ಸ್ಯಾಂಪಲ್ ಬಂದಾಗ ಚೀಲದ ಬಾಯಿ ಬಿಚ್ಚಿ ಮೂಗಿನ ಹತ್ತಿರ ಹಿಡಿಯಿರಿ. ಸೀಮೆಎಣ್ಣೆಯಂಥ ವಾಸನೆ ಬಂದರೆ ಅಲ್ಲಿಗೇ ಬಿಡಿ. ಬರದಿದ್ದರೂ ಲ್ಯಾಬ್ ರಿಪೋರ್ಟ್ ಕೇಳಿ, ಆಹಾರ ತುಂಬುವ ಸೆಣಬಿನ ಚೀಲಕ್ಕಿರುವ ಐಜೆಒ 98/01 ಅನ್ನುವ ಗುಣಮಟ್ಟವನ್ನು ಆರ್ಡರ್‌ನಲ್ಲೇ ಬರೆಸಿ. ಕಾಫಿಬೀಜ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಚೀಲವೊಂದಕ್ಕೆ ಎರಡು ರೂಪಾಯಿ ಉಳಿಸಲು ಹೋಗಿ ಅದರೊಳಗಿನ 60 ಕೆಜಿ ಕಾಫಿ ಕಳೆದುಕೊಳ್ಳುವ ಲೆಕ್ಕ ಯಾರಿಗೂ ಬೇಡ. ಚೀಲ ಯಾವಾಗ ಕೊಳ್ಳುತ್ತೀರಿ ಅನ್ನುವುದೂ ಮುಖ್ಯ. 1987ರ ಸೆಣಬು ಪ್ಯಾಕಿಂಗ್ ಕಾಯ್ದೆಯ ಅಡಿ ಸರ್ಕಾರ ಖರೀದಿಸುವ ಧಾನ್ಯವನ್ನು ಸೆಣಬಿನ ಚೀಲದಲ್ಲಿ ತುಂಬಬೇಕು, ಹಾಗಾಗಿ ಬಂಗಾಳದ ಮಿಲ್ಲುಗಳು ಆ ಆರ್ಡರ್‌ಗೆ ಚೀಲ ಕೊಡಬೇಕು. ಆ ಸಾಲಿನ ಹಿಂದೆ ನಿಮ್ಮ ಆರ್ಡರ್ ನಿಲ್ಲುತ್ತದೆ. ಕೊಯ್ಲು ಶುರುವಾದ ಮೇಲೆ ಫೋನ್ ಮಾಡಿದರೆ ಅವರು ಹೇಳಿದ್ದೇ ರೇಟು. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧದಷ್ಟಾದರೂ ಬುಕ್ ಮಾಡಿಬಿಡಿ.

ಲಾರಿ ಕಾಂಟ್ರಾಕ್ಟನ್ನು ಖರೀದಿಯ ಲೆಕ್ಕಕ್ಕೆ ಸೇರಿಸಿದ್ದೀರಾ? ಸೇರಿಸಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆದದ್ದು ನಿಮಗೆ ನೆನಪಿರಬೇಕು. ಮಂಗಳೂರು ಬಂದರಿಗೆ ಹೊರಟ ಲೋಡು ಹಾಗೆ ಸಿಕ್ಕಿಕೊಂಡರೆ ಸುತ್ತುದಾರಿಯ ಡೀಸೆಲ್ ಯಾರದ್ದು, ಕಾಯುವ ದಿನಗಳ ಬಾಡಿಗೆ ಯಾರದ್ದು ಅಂತ ಈಗಲೇ ಬರೆದಿಟ್ಟುಕೊಳ್ಳಿ. ಮಳೆ ಸುರಿಯುವಾಗ ಚೌಕಾಸಿ ಮಾಡಲು ಹೋದರೆ ಇಬ್ಬರಿಗೂ ಮನಸ್ತಾಪ.

ಹೊಸ ಸಪ್ಲೈಯರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಬ್ಬರನ್ನೇ ನಂಬಿ ಕೂರುವುದೂ ಅಪಾಯ. ಹೊಸಬರಿಗೆ ಈ ವರ್ಷ ಸಣ್ಣ ಆರ್ಡರ್ ಕೊಡಿ, ಸೀಸನ್ ಇಲ್ಲದ ತಿಂಗಳಲ್ಲಿ ಕೊಡಿ. ಹಳಬರ ಬಾಕಿ ಮಾತ್ರ ಮಾರ್ಚ್ ಒಳಗೆ ತೀರಿಸಿ, ಆಮೇಲೆ ರೇಟಿನ ಮಾತಿಗೆ ಕೂರಿ.

— ಸಂಪಾದಕ