ಪ್ರಕೃತಿ ಚಿಕಿತ್ಸೆಯ ಶಕ್ತಿ ಮತ್ತು ಮಿತಿ

ಪ್ರಶ್ನೆ: ಡಾಕ್ಟರೇ, ನನಗೆ 52 ವರ್ಷ. ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಔಷಧವೇ ಬೇಡದ ಪ್ರಕೃತಿ ಚಿಕಿತ್ಸೆ ಎಲ್ಲಕ್ಕಿಂತ ಮೇಲು ಎಂದು ಬಂಧುಗಳು ಹೇಳುತ್ತಾರೆ. ಆಯುರ್ವೇದ, ಹೋಮಿಯೋಪಥಿಗಳೂ ಅದೇ ಬಗೆಯವಲ್ಲವೇ? ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಅಲೋಪಥಿಯಲ್ಲದ ಪದ್ಧತಿಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದು ರೂಢಿಯಾಗಿದ್ದರೂ ಅವುಗಳ ನಡುವೆ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು. ಆಯುರ್ವೇದವು ವಾತ, ಪಿತ್ತ, ಕಫಗಳ ಏರುಪೇರನ್ನು ರೋಗಕ್ಕೆ ಕಾರಣವೆಂದು ಗುರುತಿಸಿ, ಗಿಡಮೂಲಿಕೆಗಳಿಂದ ಲೋಹಭಸ್ಮಗಳವರೆಗೆ ವಿಸ್ತಾರವಾದ ಔಷಧ ಭಂಡಾರವನ್ನು ಬಳಸುತ್ತದೆ. ಜರ್ಮನಿಯ ಹಾನಿಮನ್ ರೂಪಿಸಿದ ಹೋಮಿಯೋಪಥಿಯೂ ಔಷಧ ಕೊಡುವ ಪದ್ಧತಿಯೇ. ಆದರೆ ಅದರ ಔಷಧಗಳನ್ನು ಮತ್ತೆ ಮತ್ತೆ ತೆಳುಗೊಳಿಸಿ ತಯಾರಿಸುತ್ತಾರೆ. 30ಸಿ (ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಬಾರಿ ತೆಳುಗೊಳಿಸಿದ್ದು) ಎಂಬ ಸಾಮಾನ್ಯ ಪ್ರಮಾಣದಲ್ಲಿಯೇ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವವಿಲ್ಲದ ಕಾರಣ, ಅದನ್ನು ಮಧುಮೇಹಕ್ಕೆ ನೆಚ್ಚಿಕೊಳ್ಳಲು ನಾನು ಸಲಹೆ ಕೊಡಲಾರೆ.

ಪ್ರಕೃತಿ ಚಿಕಿತ್ಸೆಯಾದರೋ ಔಷಧವನ್ನೇ ಬದಿಗಿಟ್ಟು, ಆಹಾರ, ಉಪವಾಸ, ನೀರು, ಮಣ್ಣು, ಬಿಸಿಲು, ವ್ಯಾಯಾಮಗಳ ಮೂಲಕ ದೇಹವು ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಅವಕಾಶ ಮಾಡಿಕೊಡುತ್ತದೆ. ಅದರ ಇಂದಿನ ರೂಪ ಬಹುಮಟ್ಟಿಗೆ 19ನೆಯ ಶತಮಾನದ ಯುರೋಪಿನದು. ತಣ್ಣೀರಿನ ಚಿಕಿತ್ಸೆಗೆ ಹೆಸರಾದ ಪ್ರೀಸ್ನಿಟ್ಸ್ ಮತ್ತು ಕ್ನೈಪ್, ಕಟಿಸ್ನಾನವನ್ನು ಜನಪ್ರಿಯಗೊಳಿಸಿದ ಲೂಯಿ ಕೂನೆ, ಮೂವರೂ ವೈದ್ಯಶಿಕ್ಷಣ ಪಡೆದವರಲ್ಲ. ಎಲ್ಲ ರೋಗಗಳ ಮೂಲವೂ ದೇಹದಲ್ಲಿ ಸೇರಿಕೊಂಡ ಕಲ್ಮಷವೇ ಎಂಬ ಕೂನೆಯ ವಾದ, 1882ರಲ್ಲಿಯೇ ಜರ್ಮನಿಯ ವಿಜ್ಞಾನಿ ಕೋಖ್ ಕ್ಷಯದ ರೋಗಾಣುವನ್ನು ತೋರಿಸಿದ್ದರಿಂದ ನಿಲ್ಲುವಂತಿರಲಿಲ್ಲ. ಸಿದ್ಧಾಂತ ಬಿದ್ದರೂ ಆಹಾರ ಮತ್ತು ದಿನಚರಿಯ ಬಗ್ಗೆ ಆ ಪದ್ಧತಿ ಹಿಡಿದ ಹಟ ವ್ಯರ್ಥವಾಗಲಿಲ್ಲ ಎಂಬುದಕ್ಕೆ ನಿಮ್ಮ ಕಾಯಿಲೆಯೇ ಒಳ್ಳೆಯ ಉದಾಹರಣೆ.

ನಿಮಗಿರುವುದು ಎರಡನೆಯ ಬಗೆಯ ಮಧುಮೇಹವೆಂದು ಭಾವಿಸುತ್ತೇನೆ. ಅದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ಪೂರ್ತಿ ನಿಲ್ಲಿಸಿರುವುದಿಲ್ಲ. ಯಕೃತ್ತಿನಲ್ಲಿಯೂ ಈ ಗ್ರಂಥಿಯಲ್ಲಿಯೂ ತುಂಬಿಕೊಂಡ ಕೊಬ್ಬು ಕರಗಿದರೆ ಅದು ಮತ್ತೆ ಚೇತರಿಸಿಕೊಳ್ಳಬಲ್ಲದು. ಕಾಯಿಲೆ ಬಂದು ಆರು ವರ್ಷ ಮೀರದ ಸ್ಥೂಲಕಾಯದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತ್ರೆ ನಿಲ್ಲಿಸಿ ಕೆಲವು ತಿಂಗಳು ಅತಿ ಮಿತವಾದ ಆಹಾರ ಪಾಲಿಸಿದವರಲ್ಲಿ ಶೇ. 46ರಷ್ಟು ಮಂದಿಗೆ ಒಂದು ವರ್ಷದ ನಂತರ ಔಷಧವಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಗಮನಿಸಿ, ಇದನ್ನು ನಡೆಸಿದವರು ಆಧುನಿಕ ವೈದ್ಯರು. ನಿಮ್ಮ ತೂಕ ಹೆಚ್ಚಾಗಿದ್ದರೆ ಈ ದಾರಿ ನಿಮಗೂ ತೆರೆದಿದೆ. ಮಾತ್ರೆ ಕಡಿಮೆ ಮಾಡುವ ನಿರ್ಧಾರ ಮಾತ್ರ ರಕ್ತಪರೀಕ್ಷೆ ನೋಡಿ ನಿಮ್ಮ ವೈದ್ಯರು ಕೈಗೊಳ್ಳಬೇಕಾದದ್ದು.

ಇದೇ ಮಾತನ್ನು ಮೊದಲನೆಯ ಬಗೆಯ ಮಧುಮೇಹಕ್ಕೆ ಅನ್ವಯಿಸಿದರೆ ಅನಾಹುತವಾದೀತು. ಅಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿರುವುದರಿಂದ ಚೇತರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. 1922ಕ್ಕೆ ಮೊದಲು, ಇನ್ಸುಲಿನ್ ಚುಚ್ಚುಮದ್ದು ಇಲ್ಲದಿದ್ದಾಗ, ಅಮೆರಿಕದ ಅಲೆನ್ ಎಂಬ ವೈದ್ಯರು ಇಂಥ ಮಕ್ಕಳನ್ನು ಕಠಿಣ ಉಪವಾಸದಲ್ಲಿಟ್ಟು ಸಾವನ್ನು ಕೆಲಕಾಲ ಮುಂದೂಡಬಲ್ಲವರಾಗಿದ್ದರೇ ಹೊರತು ತಪ್ಪಿಸಬಲ್ಲವರಾಗಿರಲಿಲ್ಲ. ಹಾಗಾಗಿ ಯಾವ ಪದ್ಧತಿ ಮೇಲು ಎಂಬುದಕ್ಕಿಂತ, ಈ ರೋಗದಲ್ಲಿ ದೇಹಕ್ಕೆ ತಾನಾಗಿ ಸುಧಾರಿಸಿಕೊಳ್ಳುವ ಶಕ್ತಿ ಉಳಿದಿದೆಯೇ ಎಂದು ಕೇಳುವುದು ಉಪಯುಕ್ತ. ಬೊಜ್ಜು, ಆರಂಭದ ರಕ್ತದೊತ್ತಡ, ಮಲಬದ್ಧತೆಗಳಲ್ಲಿ ಉತ್ತರ ಬಹುಪಾಲು ಹೌದು. ಹೃದಯಾಘಾತ, ಕ್ಯಾನ್ಸರ್, ತೀವ್ರ ಸೋಂಕುಗಳಲ್ಲಿ ಆ ಪ್ರಶ್ನೆಗೆ ಸಮಯ ವ್ಯಯಿಸದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಪ್ರಕೃತಿ ಚಿಕಿತ್ಸೆಯಲ್ಲಿ ಅಡ್ಡಪರಿಣಾಮವೇ ಇಲ್ಲವಂತೆ, ನಿಜವೇ?

ಉತ್ತರ: ನಿಜವಲ್ಲ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡ ದುರ್ಬಲವಾಗಿರುವವರು ದಿನವಿಡೀ ಹಣ್ಣಿನ ರಸವನ್ನೇ ಕುಡಿದರೆ ಪೊಟ್ಯಾಸಿಯಂ ಏರಿ ಹೃದಯದ ಲಯ ಕೆಡುವ ಅಪಾಯವಿದೆ. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿರುವವರು ಬಿಸಿನೀರಿನ ಪಾದಸ್ನಾನಕ್ಕೆ ಕುಳಿತರೆ, ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಅಂಥವರು ನೀರಿನ ಬಿಸಿಯನ್ನು ಮೊಣಕೈಯಿಂದಲೋ ಬೇರೊಬ್ಬರಿಂದಲೋ ಪರೀಕ್ಷಿಸಿಕೊಳ್ಳಬೇಕು.