ಹಾಸ್ಟೆಲ್‌ನಲ್ಲಿ ತಾನೇ ಉಣ್ಣುವ ಹುಡುಗ ಮನೆಯಲ್ಲಿ ಯಾಕೆ ಉಣ್ಣುವುದಿಲ್ಲ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ, ಡೌನ್ ಸಿಂಡ್ರೋಮ್ ಐತಿ. ಸಿಸ್ಟರ್‌ಗಳು ನಡೆಸೋ ವಿಶೇಷ ಶಾಲೆ ಹಾಸ್ಟೆಲ್‌ನ್ಯಾಗ ಇದ್ದಾನ. ಅಲ್ಲಿ ತಾನೇ ಉಣ್ತಾನ ಅಂತಾರ. ದಸರಾ ರಜೆಗೆ ಮನಿಗೆ ಬಂದ್ರ ತಾಟಿನ ಮುಂದ ಸುಮ್ನ ಕುಂತಿರ್ತಾನ. ಸಿಸ್ಟರ್ ಹೇಳೋದು ಖರೇನಾ?
— ಒಬ್ಬ ತಾಯಿ, ಸಿಂಧನೂರು

ಉತ್ತರ: ಖರೇನೇ ಇರಬೇಕು. ತಾಯಿ, ಒಂದು ಕೇಳಿ ನೋಡಿ: ಹಾಸ್ಟೆಲ್‌ನಲ್ಲಿ ಅವನು ಉಣ್ಣುವುದು ಏನು? ಅನ್ನ-ಸಾರು, ಚಮಚ, ಬೆಂಚು ಎಂದಾದರೆ ಅವನು ಕಲಿತದ್ದು ಅಷ್ಟೇ. ಮನೆಯಲ್ಲಿ ನೆಲಕ್ಕೆ ಕೂತು ಜೋಳದ ರೊಟ್ಟಿ ಮುರಿಯುವುದು ಅವನ ಪಾಲಿಗೆ ಬೇರೆಯೇ ಕೆಲಸ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ತಾನಾಗಿ ಒಯ್ಯುವುದು ಈ ಮಕ್ಕಳಿಗೆ ಕಷ್ಟ. ಜೊತೆಗೆ ಡೌನ್ ಸಿಂಡ್ರೋಮ್‌ನಲ್ಲಿ ಸ್ನಾಯು ಸಡಿಲ, ಬೆರಳು ಗಿಡ್ಡ. ಒಂದೇ ಕೈಯಲ್ಲಿ ರೊಟ್ಟಿ ಒತ್ತಿ ಹಿಡಿದು ಹರಿಯಲು ಬೇಕಾದ ಬಿಗಿ ಸುಲಭಕ್ಕೆ ಬರುವುದಿಲ್ಲ.

ಕೊನೆಯ ಹೆಜ್ಜೆಯಿಂದ ಶುರುಮಾಡಿ ಮೊದಲ ಹೆಜ್ಜೆಗೆ ಬರುತ್ತಾ ಕಲಿಸಿ. ರೊಟ್ಟಿ ಹಿಡಿ, ಮುರಿ, ಪಲ್ಯ ಹಚ್ಚು, ಬಾಯಿಗೆ ಒಯ್ಯಿ: ಇವು ನಾಲ್ಕು ಹೆಜ್ಜೆ. ಮೊದಲ ಮೂರನ್ನು ನೀವೇ ಮಾಡಿ ತುತ್ತನ್ನು ಅವನ ಬೆರಳಿಗೆ ಕೊಡಿ, ಬಾಯಿಗೆ ಒಯ್ಯುವುದು ಮಾತ್ರ ಅವನದು. ಮೂರು ದಿನ ಸತತ ತಾನೇ ಒಯ್ದರೆ ಪಲ್ಯ ಹಚ್ಚುವುದನ್ನೂ ಬಿಟ್ಟುಕೊಡಿ. ಮುರಿಯುವುದು ಕೊನೆಗೆ. ಪ್ರತಿ ತುತ್ತೂ ಅವನ ಗೆಲುವಿನಲ್ಲೇ ಮುಗಿಯುವುದರಿಂದ ಹಟ ಕಡಿಮೆ. ಕೈ ಹಿಡಿಯುವುದಾದರೆ ಬೆನ್ನ ಹಿಂದೆ ಕೂತು ಹಿಡಿಯಿರಿ. ಎದುರು ಕೂತರೆ ಅವನ ಕೈ ತಿರುಗುವ ದಿಕ್ಕು ನಿಮಗೆ ಉಲ್ಟಾ. ಹಿಡಿತವನ್ನು ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಸರಿಸುತ್ತಾ ಬಿಡಿ.

ಹೆಂಚಿನಿಂದ ಇಳಿಸಿದ ಮೆತ್ತನೆಯ ರೊಟ್ಟಿ ಇರಲಿ, ಖಡಕ್ ರೊಟ್ಟಿ ಬೇಡ. ಎರಡೂ ಕೈ ಬಳಸಿದರೆ ಬಳಸಲಿ. ‘ಎಡಗೈ ಹಚ್ಚಬ್ಯಾಡ’ ಎಂದು ಅಜ್ಜಿ ಗದರುವಲ್ಲಿಗೆ ಅರ್ಧ ಮನೆಗಳಲ್ಲಿ ಈ ಪಾಠ ನಿಂತುಬಿಡುತ್ತದೆ. ಹಸಿವಿದ್ದಾಗ ಹತ್ತು ನಿಮಿಷ ಸಾಕು, ಉಳಿದದ್ದನ್ನು ಉಣಿಸಿ. ತಡವಾಯಿತೆಂದು ಮೊದಲಿನಿಂದಲೇ ಉಣಿಸಿದರೆ, ಸುಮ್ಮನೆ ಕೂತರೆ ತುತ್ತು ಬರುತ್ತದೆ ಎಂಬುದನ್ನು ಅವನು ಬೇಗ ಕಲಿಯುತ್ತಾನೆ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇದ್ದು ನುಂಗಲು ತೊಂದರೆಯಿರುವ ಮಕ್ಕಳಿಗೆ ಇದು ಹೊಂದದು. ತೆಳು ಸಾರಿನಲ್ಲಿ ರೊಟ್ಟಿ ಚೂರು ಕಲಸಿದರೆ ನೀರು ಮೊದಲು ಜಾರಿ ಉಸಿರುನಾಳಕ್ಕೆ ಹೋಗಬಹುದು. ಅವರಿಗೆ ಒಂದೇ ಹದದ ಗಟ್ಟಿ ಅಂಬಲಿ, ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ.

ಮರಳಿ ಕಳಿಸುವಾಗ ‘ಮನೆಯಲ್ಲಿ ರೊಟ್ಟಿ, ನೆಲದ ಮೇಲೆ’ ಎಂದು ಡೈರಿಯಲ್ಲಿ ಬರೆಯಿರಿ. ಮಗುವಿನ ಐಇಪಿಯಲ್ಲಿ, ಅಂದರೆ ಅವನೊಬ್ಬನಿಗಾಗಿ ಮಾಡಿದ ಕಲಿಕೆಯ ಯೋಜನೆಯಲ್ಲಿ, ಅದನ್ನು ಸೇರಿಸಲು ಸಿಸ್ಟರ್‌ಗೆ ಹೇಳಿ. ಮನೆಯ ಊಟ ಹೇಗೆಂದು ನೀವು ಹೇಳದೆ ಅವರಿಗೆ ತಿಳಿಯುವುದಿಲ್ಲ.

ಪ್ರಶ್ನೆ: ಮಗಳನ್ನು ಸಿಸ್ಟರ್‌ಗಳ ವಿಶೇಷ ಶಾಲೆಗೆ ಹಾಕಿದರೆ ಪ್ರಾರ್ಥನೆ, ಧರ್ಮಪಾಠ ಕಡ್ಡಾಯವೇ? ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ.
— ಓದುಗರು, ಗಂಗಾವತಿ

ಉತ್ತರ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಾದರೆ ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೆ, ಪೂಜೆಗೆ ಮಗುವನ್ನು ಕೂರಿಸುವಂತಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಇದೆ. ನಿಮ್ಮ ಇಚ್ಛೆಯನ್ನು ಸೇರಿಸುವಾಗಲೇ ಬರೆದುಕೊಡಿ. ಹಿರಿಯರು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಪಾಠ ಮಾಡುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ತರಬೇತಿ ಪಡೆದ ವಿಶೇಷ ಶಿಕ್ಷಕರನ್ನು ದಾಖಲಿಸುವ ಸಂಸ್ಥೆಯ, ನೋಂದಣಿ ಇದೆಯೇ? ಮಮತೆ ತರಬೇತಿಯ ಜಾಗ ತುಂಬದು.

ಪ್ರಶ್ನೆ: ಬೌದ್ಧಿಕ ಅಂಗವೈಕಲ್ಯವಿರುವ ಮಗನಿಗೆ 18 ತುಂಬಿತು. ‘ಗಾರ್ಡಿಯನ್ ಪತ್ರ ತನ್ನಿ’ ಎನ್ನುತ್ತಾರೆ ಸಿಸ್ಟರ್. ತಂದೆಯಾದ ನಾನೇ ಇರುವಾಗ ಅದೇಕೆ?
— ಓದುಗರು, ಬಳ್ಳಾರಿ

ಉತ್ತರ: 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಅಲ್ಲಿಂದ ಮುಂದೆ ಅವನ ಪರವಾಗಿ ಸಹಿ ಹಾಕಲು ತಂದೆ ಎಂಬುದೊಂದೇ ಸಾಲದು. ನಿಮ್ಮನ್ನು ಅವನ ಗಾರ್ಡಿಯನ್ ಆಗಿ ನೇಮಿಸಲು 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ ಈ ದಾರಿ. ಮಾನಸಿಕ ಕಾಯಿಲೆಗೆ ಅಲ್ಲ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ), ವಯಸ್ಸಿನ ದಾಖಲೆ ಜೊತೆಗಿರಲಿ. ಮಗನ ಹೆಸರಿನಲ್ಲಿ ಹೊಲ ಅಥವಾ ಠೇವಣಿ ಇದ್ದರೆ ನೇಮಕವಾದ 6 ತಿಂಗಳೊಳಗೆ ಅದರ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷವೂ ಲೆಕ್ಕ. ಹಲವರು ಮರೆಯುವುದು ಇದನ್ನೇ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಸಿಗುತ್ತದೆ. ಮಾರ್ಚ್ ಮುಗಿಯುವ ಮೊದಲೇ ನವೀಕರಿಸಿ.